ಉಪಗ್ರಹಕ್ಕೆ ಕಂಡ ಗಾಳಿ, ಮುಂಬೈ ಉಸಿರಾಡುವ ಗಾಳಿ

ದೀಪಾವಳಿ ಮುಗಿದು ಚಳಿ ಶುರುವಾಗುವ ಹೊತ್ತಿಗೆ ಮುಂಬೈ ಕನ್ನಡಿಗರ ವಾಟ್ಸಾಪ್ ಗುಂಪುಗಳಲ್ಲಿ ಒಂದು ನಕ್ಷೆ ಓಡಾಡತೊಡಗುತ್ತದೆ. ಕೊಲಾಬಾದಿಂದ ಡೊಂಬಿವಲಿಯವರೆಗೆ ಹಳದಿ, ಕಿತ್ತಳೆ, ಕೆಂಪು ಬಳಿದ ನಕ್ಷೆ. ಕೆಳಗೆ ‘ಉಪಗ್ರಹದ ಮಾಹಿತಿ’ ಅಂತ ಒಂದು ಸಾಲು. ನೋಡಿದವರಲ್ಲಿ ಕೆಲವರು ಬೆಳಗಿನ ವಾಕಿಂಗ್ ಬಿಡುತ್ತಾರೆ. ಕೆಲವರು ಹಳೆ ಮಾಸ್ಕ್ ಹುಡುಕುತ್ತಾರೆ. ಇನ್ನು ಕೆಲವರು ‘ಇದೆಲ್ಲ ಸುಮ್ನೆ ಹೆದರಿಸೋದಕ್ಕೆ’ ಎಂದು ಬೆರಳು ಸರಿಸಿ ಮುಂದೆ ಹೋಗುತ್ತಾರೆ.

ಆ ನಕ್ಷೆಯ ಹಿಂದೆ ಇಪ್ಪತ್ತೈದು ವರ್ಷಗಳ ಗಟ್ಟಿ ಕೆಲಸವಿದೆ. ಆದರೆ ಅದರಲ್ಲಿ ಉಪಗ್ರಹ ಕಣ್ಣಾರೆ ಕಂಡದ್ದು ಎಷ್ಟು, ನೆಲದ ಮೇಲೆ ಕೂತವರು ಲೆಕ್ಕ ಹಾಕಿ ತುಂಬಿಸಿದ್ದು ಎಷ್ಟು ಎಂಬುದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಇದು ತಿಳಿಯಲೇಬೇಕಾದ ವಿಷಯ ಅಂತ ನನಗನ್ನಿಸುತ್ತದೆ. ಯಾಕೆಂದರೆ ಯಾವ ವಾರ್ಡಿನಲ್ಲಿ ಕಟ್ಟಡ ಕೆಲಸ ನಿಲ್ಲಬೇಕು, ಯಾವ ಊರಿಗೆ ಮಾಪನ ಯಂತ್ರ ಬರಬೇಕು ಎಂಬಂಥ ತೀರ್ಮಾನಗಳು ಈಗ ಗಾಳಿಯ ಅಂಕಿಗಳ ಮೇಲೆ ನಿಂತಿವೆ.

ಮೊದಲು ಉಪಗ್ರಹ ಮಾಡುವ ಕೆಲಸ ಏನೆಂದು ನೋಡೋಣ. ಅದು ಕಣಗಳನ್ನು ಎಣಿಸುವುದಿಲ್ಲ. ಅದಕ್ಕೆ ಕಾಣುವುದು ಬೆಳಕು ಮಾತ್ರ. ಬಿಸಿಲು ಗಾಳಿಯನ್ನು ಹಾದು ನೆಲಕ್ಕೆ ಬೀಳುತ್ತದೆ, ನೆಲದಿಂದ ಪುಟಿದು ಮತ್ತೆ ಗಾಳಿಯನ್ನೇ ಹಾದು ಮೇಲೆ ಹೋಗುತ್ತದೆ. ದಾರಿಯಲ್ಲಿ ಹೊಗೆ, ದೂಳು, ಸಮುದ್ರದ ಉಪ್ಪಿನ ಕಣ ಸಿಕ್ಕರೆ ಬೆಳಕು ಚದುರುತ್ತದೆ. ಮಸಿಯ ಕಣ ಸಿಕ್ಕರೆ ಒಂದಷ್ಟನ್ನು ಅದು ಹೀರಿಕೊಳ್ಳುತ್ತದೆ. ಹೀಗೆ ಬೆಳಕಿಗೆ ಎಷ್ಟು ಅಡ್ಡಿಯಾಯಿತು ಎಂಬುದಕ್ಕೆ ಒಂದು ಅಳತೆಯಿದೆ. ಅದರ ಹೆಸರು ಏರೋಸಾಲ್ ಆಪ್ಟಿಕಲ್ ಡೆಪ್ತ್, ಚಿಕ್ಕದಾಗಿ ಎಒಡಿ. ಸೂರ್ಯ ನೆತ್ತಿಯ ಮೇಲಿರುವಾಗ ಎಒಡಿ 0.1 ಇದ್ದರೆ ನೇರ ಬಿಸಿಲಿನ ಶೇ. 90ರಷ್ಟು ಕಣಗಳನ್ನು ದಾಟಿ ನೆಲ ಮುಟ್ಟುತ್ತದೆ. ಎಒಡಿ 1 ಆದರೆ ದಾಟುವುದು ಶೇ. 37 ಮಾತ್ರ. ಅಂಥ ದಿನ ಆಕಾಶ ನೀಲಿಯಾಗಿರದೆ ಹಾಲು ಕಲಸಿದಂತೆ ಬೆಳ್ಳಗಿರುತ್ತದೆ.

ತೊಡಕು ಎಲ್ಲಿದೆಯೆಂದರೆ, ಬೆಳಕನ್ನು ಮೇಲಕ್ಕೆ ಕಳಿಸುವುದು ಗಾಳಿಯ ಕಣಗಳಷ್ಟೇ ಅಲ್ಲ, ನೆಲವೂ ಕಳಿಸುತ್ತದೆ. ಉಪಗ್ರಹಕ್ಕೆ ಎರಡೂ ಬೆರೆತೇ ಸಿಗುತ್ತವೆ. ಬಿಡಿಸುವುದು ಹೇಗೆ? ನಾಸಾದ ಯೋರಾಮ್ ಕೌಫ್‌ಮನ್ ಮತ್ತು ಅವರ ಜೊತೆಗಾರರು 1990ರ ದಶಕದಲ್ಲಿ ಇದಕ್ಕೆ ಕಂಡುಕೊಂಡ ಉಪಾಯ ನನಗೆ ಬಹಳ ಇಷ್ಟ. ನಮ್ಮ ಕಣ್ಣಿಗೆ ಕಾಣದ, 2.1 ಮೈಕ್ರೋಮೀಟರ್ ಅಲೆಯುದ್ದದ ಬೆಳಕಿಗೆ ಹೊಗೆಯ ಸಣ್ಣ ಕಣಗಳು ಇದ್ದೂ ಇಲ್ಲದಂತೆ. ಅದು ಹೆಚ್ಚುಕಡಿಮೆ ಸೀದಾ ನೆಲವನ್ನೇ ತೋರಿಸುತ್ತದೆ. ಗಿಡಮರ ಇರುವ ನೆಲ ಈ ಬೆಳಕನ್ನು ಎಷ್ಟು ಪುಟಿಸುತ್ತದೋ ಸುಮಾರಾಗಿ ಅದರ ಅರ್ಧದಷ್ಟು ಕೆಂಪು ಬೆಳಕನ್ನು, ಕಾಲುಭಾಗದಷ್ಟು ನೀಲಿ ಬೆಳಕನ್ನು ಪುಟಿಸುತ್ತದೆ ಎಂದು ಅವರು ಅಳೆದು ತೋರಿಸಿದರು. ಅಲ್ಲಿಗೆ ನೆಲದ ಪಾಲು ಗೊತ್ತಾಯಿತು. ಒಟ್ಟು ಬೆಳಕಿನಿಂದ ಅದನ್ನು ಕಳೆದರೆ ಉಳಿಯುವುದು ಗಾಳಿಯದು.

ಈ ಉಪಾಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಕಾಡಿನ ಮೇಲೆ ಚೆನ್ನಾಗಿ ನಡೆಯುತ್ತದೆ. ಧಾರಾವಿಯ ತಗಡು, ಸಿಮೆಂಟ್ ಶೀಟು, ನೀಲಿ ತಾಡಪಾಲು ಹೊದ್ದ ಛಾವಣಿಗಳ ಮೇಲೆ ತಡವರಿಸುತ್ತದೆ. ಥಾಣೆ ಖಾಡಿಯ ದಡದಲ್ಲಂತೂ ಉಪಗ್ರಹ ಒಂದು ಅಂಕಿ ಕೊಡುವ ಒಂದೇ ಚೌಕದೊಳಗೆ ನೀರು, ಕೆಸರು, ಕಾಂಡ್ಲಾ ಗಿಡ, ರಸ್ತೆ ಎಲ್ಲ ಬರುತ್ತವೆ. ಅದೂ ಭರತಕ್ಕೆ ಒಂದು ಬಣ್ಣ, ಇಳಿತಕ್ಕೆ ಇನ್ನೊಂದು. ಮೂರು ದಿಕ್ಕಿಗೆ ನೀರಿರುವ ಮುಂಬೈ ಇಂಥ ಲೆಕ್ಕಕ್ಕೆ ಕಷ್ಟದ ಊರು. ಇತ್ತೀಚಿನ ವಿಧಾನಗಳು ಒಂದೇ ಜಾಗವನ್ನು ಎಷ್ಟೋ ದಿನ ಸತತವಾಗಿ ನೋಡಿ, ನೆಲ ನಿಧಾನಕ್ಕೆ ಬದಲಾಗುತ್ತದೆ, ಗಾಳಿ ಬೇಗ ಬದಲಾಗುತ್ತದೆ ಎಂಬ ಸುಳಿವು ಹಿಡಿದು ಎರಡನ್ನೂ ಬೇರ್ಪಡಿಸುತ್ತವೆ. ಹಾಗಾಗಿ ಮೊದಲು 10 ಕಿಲೋಮೀಟರಿಗೆ ಒಂದು ಅಂಕಿ ಸಿಗುತ್ತಿದ್ದಲ್ಲಿ ಈಗ 1 ಕಿಲೋಮೀಟರಿಗೆ ಒಂದು ಸಿಗುತ್ತದೆ. ಇದು ಸಣ್ಣ ಸುಧಾರಣೆಯಲ್ಲ. ಹತ್ತು ಕಿಲೋಮೀಟರ್ ಚೌಕಗಳಾದರೆ ಐದಾರರಲ್ಲಿ ಇಡೀ ಬೃಹನ್ಮುಂಬೈ ಮುಗಿದುಹೋಗುತ್ತಿತ್ತು.

ಇಷ್ಟಾದರೂ ಎಒಡಿ ಎಂದರೆ ನಾವು ಉಸಿರಾಡುವ ಗಾಳಿಯ ಅಳತೆ ಅಲ್ಲ. ನೆಲದಿಂದ ಆಕಾಶದ ತುದಿಯವರೆಗೆ ಇರುವ ಎಲ್ಲ ಕಣಗಳ ಒಟ್ಟು ಪರಿಣಾಮ ಅದು. ನಮ್ಮ ಮೂಗು ಇರುವುದು ತಳದಲ್ಲಿ. ಇಪ್ಪತ್ತು ಮಹಡಿ ಟವರಿನ ಒಟ್ಟು ಜನಸಂಖ್ಯೆ ಹೇಳಿ, ನೆಲಮಹಡಿಯಲ್ಲಿ ಎಷ್ಟು ಜನ ಇದ್ದಾರೆ ಹೇಳು ಅಂದ ಹಾಗೆ. ಉತ್ತರ ಹೇಳಬಹುದು, ಆದರೆ ಒಳಗೆ ಜನ ಹೇಗೆ ಹಂಚಿಕೊಂಡಿದ್ದಾರೆ ಎಂದು ಬೇರೆ ಯಾರಾದರೂ ತಿಳಿಸಬೇಕು.

ಈ ಹಂಚಿಕೆ ಮುಂಬೈಯಲ್ಲಿ ಋತುವಿಗೆ ತಕ್ಕಂತೆ ಬದಲಾಗುತ್ತದೆ. ಬೇಸಿಗೆಯಲ್ಲಿ ಅರೇಬಿಯಾ ಮತ್ತು ಥಾರ್ ಮರುಭೂಮಿಯ ದೂಳು ಎತ್ತರದಲ್ಲಿ ತೇಲಿಕೊಂಡು ಬರುತ್ತದೆ. ಕೆಳಗೆ ಬಿಸಿ ನೆಲ ಗಾಳಿಯನ್ನು ಮೇಲಕ್ಕೆ ಕಲಕುವುದರಿಂದ ಹೊಗೆ ಒಂದೆರಡು ಕಿಲೋಮೀಟರ್ ಎತ್ತರಕ್ಕೆ ಹರಡಿಕೊಳ್ಳುತ್ತದೆ. ಉಪಗ್ರಹ ದೊಡ್ಡ ಅಂಕಿ ತೋರಿಸಿದರೂ ರಸ್ತೆಯಲ್ಲಿ ಗಾಳಿ ಅಷ್ಟೇನೂ ಕೆಟ್ಟಿರುವುದಿಲ್ಲ. ಡಿಸೆಂಬರ್, ಜನವರಿಯ ಬೆಳಗ್ಗೆ ಇದರ ತಿರುಗುಮುರುಗು. ತಣ್ಣನೆಯ ಗಾಳಿ ಕೆಳಗೇ ಕೂರುತ್ತದೆ. ನಗರದ ಎಲ್ಲ ಹೊಗೆ ಕೆಲವೇ ನೂರು ಮೀಟರ್ ಒಳಗೆ ಸಿಕ್ಕಿಕೊಳ್ಳುತ್ತದೆ. ಒಟ್ಟು ಕಣ ಕಡಿಮೆಯಿದ್ದರೂ ಮೂಗಿಗೆ ಬರುವುದು ಜಾಸ್ತಿ. ಹಾಗಾಗಿ ಬರೀ ಎಒಡಿ ನಕ್ಷೆ ನೋಡಿ ‘ಮೇ ತಿಂಗಳು ಜನವರಿಗಿಂತ ಕೆಟ್ಟದ್ದು’ ಅಂದುಬಿಟ್ಟರೆ ಲೆಕ್ಕ ತಲೆಕೆಳಗಾಗುತ್ತದೆ.

ಎತ್ತರದ ದೂಳು ಕೆಳಗಿಳಿಯುವುದೂ ಉಂಟು. 2022ರ ಜನವರಿ 23, ಭಾನುವಾರ, ಪಾಕಿಸ್ತಾನದ ಕಡೆಯಿಂದ ಎದ್ದ ದೂಳುಗಾಳಿ ಗುಜರಾತ್ ದಾಟಿ ಮುಂಬೈಗೆ ಬಂತು. ನಿಲ್ಲಿಸಿದ ಕಾರುಗಳ ಮೇಲೆ ಬಿಳಿ ಪುಡಿ ಕೂತಿತ್ತು. ಇಂಥದ್ದನ್ನು ಹಿಡಿಯುವುದರಲ್ಲಿ ಉಪಗ್ರಹಕ್ಕೆ ಸಾಟಿಯಿಲ್ಲ. ನೆಲದ ಯಂತ್ರ ಅಂಕಿ ಏರಿದ್ದನ್ನು ಮಾತ್ರ ಹೇಳುತ್ತದೆ. ಸಮುದ್ರದ ಮೇಲೆ ನೂರಾರು ಕಿಲೋಮೀಟರ್ ಉದ್ದಕ್ಕೆ ಹರಡಿ ಬರುತ್ತಿರುವ ದೂಳಿನ ಪಟ್ಟಿ ಕಾಣುವುದು ಮೇಲಿನಿಂದಲೇ.

ಇನ್ನು ತೇವ. ಮುಂಬೈಯ ಗಾಳಿಯಲ್ಲಿ ನೀರಿನಂಶ ಎಷ್ಟೆಂದು ಮಳೆಗಾಲ ಕಳೆದರೂ ಒಣಗದ ಬಟ್ಟೆಗಳೇ ಹೇಳುತ್ತವೆ. ಸಮುದ್ರದ ಉಪ್ಪು, ಕಲ್ಲಿದ್ದಲು ಮತ್ತು ಎಣ್ಣೆ ಸುಟ್ಟಾಗ ಹುಟ್ಟುವ ಸಲ್ಫೇಟ್, ಇವು ತೇವ ಎಳೆದುಕೊಂಡು ಉಬ್ಬುತ್ತವೆ. ಉಬ್ಬಿದ ಕಣ ಹೆಚ್ಚು ಬೆಳಕು ಚದುರಿಸುತ್ತದೆ. ಕಣದ ಒಣ ತೂಕ ಅಷ್ಟೇ ಇದ್ದರೂ ಎಒಡಿ ಏರುತ್ತದೆ. ಆದರೆ ಪಿಎಂ 2.5 ಎಂದು ನಾವು ಓದುವ ಅಂಕಿ, ಅಂದರೆ 2.5 ಮೈಕ್ರೋಮೀಟರಿಗಿಂತ ದಪ್ಪವಿಲ್ಲದ ಸಣ್ಣ ಕಣಗಳ ಅಂಕಿ, ತೂಕದ್ದು. ನೆಲದ ಯಂತ್ರಗಳು ಗಾಳಿಯನ್ನು ಒಳಗೆ ಎಳೆದು, ತೇವ ಆರಿಸಿ ತೂಗುತ್ತವೆ. ಹೀಗಾಗಿ ದಿಲ್ಲಿಗೆ ಹೊಂದುವ ಲೆಕ್ಕವನ್ನು ಎತ್ತಿ ಮುಂಬೈಗೆ ಹಾಕಿದರೆ ತಪ್ಪುತ್ತದೆ. ಒಣ ಹವೆಯ ಪುಣೆಗೂ ಮುಂಬೈಗೂ ಲೆಕ್ಕ ಬೇರೆಯಾಗುತ್ತದೆ, ನಡುವೆ ಇರುವುದು ಒಂದು ಘಾಟಿ ಅಷ್ಟೇ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಹೊತ್ತಿನದು. ನಾಸಾದ ಟೆರಾ 1999ರಲ್ಲಿ, ಆಕ್ವಾ 2002ರಲ್ಲಿ ಹಾರಿದವು. ಎರಡರಲ್ಲೂ ಮೋಡಿಸ್ ಎಂಬ ಉಪಕರಣ ಇದೆ. ಬಹುಕಾಲ ಟೆರಾ ಬೆಳಗ್ಗೆ ಹತ್ತೂವರೆಯ ಸುಮಾರಿಗೆ, ಆಕ್ವಾ ಮಧ್ಯಾಹ್ನ ಒಂದೂವರೆಯ ಸುಮಾರಿಗೆ ನಮ್ಮ ತಲೆಯ ಮೇಲೆ ಹಾದುಹೋದವು. ಈಗ ಎರಡಕ್ಕೂ ವಯಸ್ಸಾಗಿದೆ, ಹಾದುಹೋಗುವ ಹೊತ್ತೂ ಸರಿದಿದೆ. ವಿಯರ್ಸ್ ಎಂಬ ಹೊಸ ಉಪಕರಣ ಹೊತ್ತ ಉಪಗ್ರಹಗಳು ಮಧ್ಯಾಹ್ನದ ಪಾಳಿ ವಹಿಸಿಕೊಂಡಿವೆ. ಆದರೂ ಇವೆಲ್ಲ ಹಗಲಿನ ಒಂದೆರಡು ಗಳಿಗೆಯ ನೋಟ.

ಮುಂಬೈಯ ಗಾಳಿ ಕೆಡುವುದು ಯಾವಾಗ? ಹಗಲಲ್ಲಿ ಸಮುದ್ರದ ಕಡೆಯಿಂದ ಬೀಸುವ ಗಾಳಿ ಹೊಗೆಯನ್ನು ಪೂರ್ವಕ್ಕೆ ತಳ್ಳುತ್ತದೆ. ರಾತ್ರಿ ಗಾಳಿ ತಿರುಗುತ್ತದೆ. ಥಾಣೆ, ಭಿವಂಡಿ, ನವಿ ಮುಂಬೈ, ಡೊಂಬಿವಲಿ ಕಡೆಯದ್ದೆಲ್ಲ ನಿಧಾನಕ್ಕೆ ನಗರದತ್ತ ಹರಿಯುತ್ತದೆ. ಚಳಿಗಾಲದಲ್ಲಿ ಸಮುದ್ರದ ಗಾಳಿ ತಡವಾಗಿ ಏಳುತ್ತದೆ, ಕೆಲವು ದಿನ ಬಲವೇ ಇರುವುದಿಲ್ಲ. ರಾತ್ರಿ ಕೂಡಿಕೊಂಡದ್ದು ಬೆಳಗಿನ ಜಾವಕ್ಕೆ ಗಟ್ಟಿಯಾಗಿರುತ್ತದೆ. ಮಾಟುಂಗದ ಫೈವ್ ಗಾರ್ಡನ್ಸ್‌ನಲ್ಲಿ ಆರು ಗಂಟೆಗೆ ನಡೆಯುವ ನಮ್ಮ ಹಿರಿಯರು ‘ಆ್ಯಪಿನಲ್ಲಿ ಹಳದಿ ತೋರಿಸ್ತದೆ, ಮತ್ತೆ ಗಂಟಲು ಯಾಕೆ ಕೆರೀತದೆ ಮಾರಾಯ್ರೇ’ ಎಂದರೆ ಅವರ ಗಂಟಲು ಹೇಳುವುದೂ ನಿಜ, ಆ್ಯಪ್ ಹೇಳುವುದೂ ನಿಜ. ಉಪಗ್ರಹ ನೋಡುವ ಹೊತ್ತಿಗೆ ಸಮುದ್ರದ ಗಾಳಿ ಎದ್ದು ಅರ್ಧ ಕೊಳೆ ತೊಳೆದಿರುತ್ತದೆ. ಅದೂ ಅಲ್ಲದೆ ನಮ್ಮ ದೇಶದ ಎಕ್ಯುಐಯಲ್ಲಿ, ಅಂದರೆ ಗಾಳಿಯ ಗುಣಮಟ್ಟದ ಸೂಚ್ಯಂಕದಲ್ಲಿ, ಪಿಎಂ 2.5ರ ಪಾಲು 24 ಗಂಟೆಯ ಸರಾಸರಿಯದು. ಬೆಳಗಿನ ಆರು ಗಂಟೆ ಅದರಲ್ಲಿ ಕರಗಿಹೋಗುತ್ತದೆ.

ಹಾಗಾದರೆ ಒಂದೇ ಕಡೆ ನಿಂತು ಇಡೀ ದಿನ ನೋಡುವ ಉಪಗ್ರಹ ಬೇಕಲ್ವಾ? ನಮ್ಮ ಇಸ್ರೋದ ಇನ್‌ಸ್ಯಾಟ್-3ಡಿಆರ್, 2024ರ ಫೆಬ್ರವರಿಯಲ್ಲಿ ಹಾರಿದ ಇನ್‌ಸ್ಯಾಟ್-3ಡಿಎಸ್ ಸುಮಾರು 36,000 ಕಿಲೋಮೀಟರ್ ಎತ್ತರದಿಂದ ಭಾರತವನ್ನು ನೋಡುತ್ತಲೇ ಇವೆ. ಅವುಗಳಿಂದಲೂ ಎಒಡಿ ಲೆಕ್ಕ ಬರುತ್ತದೆ. ಆದರೆ ಅವು ಮುಖ್ಯವಾಗಿ ಹವಾಮಾನಕ್ಕೆ ಮಾಡಿದವು. ಚಿತ್ರ ತೆಗೆಯುವ ಉಪಕರಣದಲ್ಲಿ ಕಣ್ಣಿಗೆ ಕಾಣುವ ಬೆಳಕಿನ ಪಟ್ಟಿ ಒಂದೇ. ಕೆಂಪು, ನೀಲಿ, ಅದೃಶ್ಯ ಎಂದು ಹೋಲಿಸಿ ನೆಲವನ್ನು ಕಳೆಯುವ ಕೌಫ್‌ಮನ್ ಉಪಾಯಕ್ಕೆ ಅಲ್ಲಿ ಅವಕಾಶ ಕಡಿಮೆ. ದಕ್ಷಿಣ ಕೊರಿಯಾ 2020ರಲ್ಲಿ ಜೆಮ್ಸ್ ಎಂಬ ಉಪಕರಣವನ್ನು ಗಾಳಿಯ ಗುಣಮಟ್ಟಕ್ಕೆಂದೇ ಮೇಲಕ್ಕೆ ಕಳಿಸಿತು. ಹಗಲಿಡೀ ಗಂಟೆಗೊಮ್ಮೆ ಏಷ್ಯಾವನ್ನು ನೋಡುತ್ತದೆ. ಅದರ ನೋಟ ಪಶ್ಚಿಮಕ್ಕೆ ಸುಮಾರು 75 ಡಿಗ್ರಿ ರೇಖಾಂಶದವರೆಗೆ. ಮುಂಬೈ ಇರುವುದು 73ರ ಹತ್ತಿರ. ಕೂದಲೆಳೆಯಲ್ಲಿ ತಪ್ಪಿಹೋಗಿದ್ದೇವೆ. ನಮ್ಮದೇ ಆದ ಇಂಥ ಉಪಕರಣಕ್ಕೆ ಹಣ ಹಾಕುವುದು ದುಂದು ಅಂತ ನನಗೆ ಅನ್ನಿಸುವುದಿಲ್ಲ. ಆದರೆ ಅದು ಬಂದರೂ ರಾತ್ರಿ ಕತ್ತಲೆಯೇ. ಬಿಸಿಲಿಲ್ಲದೆ ಇವು ನೋಡಲಾರವು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡದ ಕೆಳಗೂ ನೋಡಲಾರವು.

ಬೇರೆ ಬಗೆಯ ಕುರುಡುತನವೂ ಇದೆ. 2016ರ ಜನವರಿ ಕೊನೆಯಲ್ಲಿ ದೇವನಾರ್ ಕಸದ ಗುಡ್ಡೆಗೆ ಬೆಂಕಿ ಬಿದ್ದಾಗ ಹೊಗೆ ಉಪಗ್ರಹ ಚಿತ್ರಗಳಲ್ಲೇ ಕಾಣಿಸಿತು. ಸುತ್ತಲಿನ ಶಾಲೆಗಳಿಗೆ ರಜೆ ಕೊಡಬೇಕಾಯಿತು. ಚಿತ್ರದಲ್ಲಿ ಕಂಡದ್ದೆಲ್ಲ ಅಂಕಿಯಾಗಿ ಬರುತ್ತದೆ ಅಂತೇನಿಲ್ಲ. ತೀರಾ ದಟ್ಟ ಹೊಗೆಯನ್ನು ಲೆಕ್ಕದ ವಿಧಾನ ಮೋಡವೆಂದು ತಿಳಿದು ಬಿಟ್ಟುಬಿಡುವುದುಂಟು. ಅಂದರೆ ಎಲ್ಲಕ್ಕಿಂತ ಕೆಟ್ಟ ದಿನವೇ ನಕ್ಷೆಯಲ್ಲಿ ಖಾಲಿ ಜಾಗವಾಗಿರಬಹುದು. ಖಾಲಿ ಎಂದರೆ ಶುದ್ಧ ಎಂದು ಓದಬಾರದು.

1 ಕಿಲೋಮೀಟರ್ ಚೌಕದೊಳಗೆ ಏನೇನು ಅಡಗಿಕೊಳ್ಳುತ್ತದೆ ಎಂಬುದಕ್ಕೆ ಒಂದು ಉದಾಹರಣೆ. 2023ರ ಅಕ್ಟೋಬರ್‌ನಲ್ಲಿ ಮುಂಬೈ ಪಾಲಿಕೆ ದೂಳು ತಡೆಯಲು ನಿಯಮ ಹೊರಡಿಸಿತು. ದೊಡ್ಡ ಕಟ್ಟಡ ಕೆಲಸದ ಸುತ್ತ 35 ಅಡಿ ಎತ್ತರದ ತಗಡು ಕಟ್ಟಬೇಕು, ಹಸಿರು ಬಟ್ಟೆ ಹೊದಿಸಬೇಕು, ನೀರು ಚಿಮುಕಿಸಬೇಕು. ಬಾಂಬೆ ಹೈಕೋರ್ಟ್ ಕೂಡ ಅದೇ ತಿಂಗಳ ಕೊನೆಯಲ್ಲಿ ತಾನಾಗಿಯೇ ವಿಷಯ ಕೈಗೆತ್ತಿಕೊಂಡಿತು. ನಿಯಮ ಒಳ್ಳೆಯದೇ, ರಸ್ತೆಯಲ್ಲಿ ಹೋಗುವವರಿಗೆ ದೂಳು ಕಡಿಮೆಯಾಗುತ್ತದೆ. ಆದರೆ ಆ ತಗಡಿನ ಒಳಗೆ ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯಿಂದ ಬಂದ ಕೂಲಿಯವರ ಸಂಸಾರಗಳೂ ಇರುತ್ತವೆ. ಸಿಮೆಂಟ್ ಚೀಲದ ರಾಶಿಯ ಪಕ್ಕದಲ್ಲೇ ಒಲೆ, ಅಲ್ಲೇ ಮಗುವಿನ ಜೋಲಿ. ಆ ತಾಯಿ ಉಸಿರಾಡುವ ಗಾಳಿಗೂ ಪಕ್ಕದ ಟವರಿನ ಹದಿನೈದನೇ ಮಹಡಿಯ ಗಾಳಿಗೂ ಉಪಗ್ರಹದ ಚೌಕದಲ್ಲಿ ಒಂದೇ ಬಣ್ಣ. ಈ ಅಂತರವನ್ನು ಯಾವ ಉಪಗ್ರಹವೂ ತುಂಬಿಸುವುದಿಲ್ಲ, ಅಲ್ಲಿಗೆ ಯಂತ್ರವೇ ಹೋಗಬೇಕು.

ಆ ಯಂತ್ರ ಹೇಗಿರುತ್ತದೆ? ಯಾವುದೋ ಕಟ್ಟಡದ ತಾರಸಿಯಲ್ಲಿ ಒಂದು ಪುಟ್ಟ ಕೋಣೆ, ಮೇಲೆ ಟೋಪಿ ಹಾಕಿದ ಕೊಳವೆ. ಕೊಳವೆ ಗಂಟೆಗೆ ಸುಮಾರು ಒಂದು ಘನ ಮೀಟರ್ ಗಾಳಿ ಎಳೆದುಕೊಳ್ಳುತ್ತದೆ. ದಪ್ಪ ಕಣಗಳು ದಾರಿಯಲ್ಲೇ ಬೀಳುತ್ತವೆ, ಸಣ್ಣವು ಒಂದು ಪಟ್ಟಿಯ ಮೇಲೆ ಕೂರುತ್ತವೆ. ಆ ಚುಕ್ಕೆಯ ಮೂಲಕ ಬೀಟಾ ಕಿರಣ ಹಾಯಿಸಿ, ಎಷ್ಟು ತಡೆಯಿತು ಎಂಬುದರಿಂದ ತೂಕ ತಿಳಿಯುತ್ತಾರೆ. ಪಟ್ಟಿ ಮುಂದೆ ಸರಿಯುತ್ತದೆ, ಮುಂದಿನ ಚುಕ್ಕೆ ಶುರು. ಬಳಸಿದ ಪಟ್ಟಿಯನ್ನು ಬಿಚ್ಚಿ ನೋಡಿದರೆ ಊರಿನ ಒಂದೊಂದು ಗಂಟೆಯೂ ಒಂದೊಂದು ಬೂದು ಚುಕ್ಕೆಯಾಗಿ ಸಾಲಾಗಿ ಕೂತಿರುತ್ತದೆ. ಮಳೆಗಾಲದ ಚುಕ್ಕೆ ಮಾಸಲು, ಜನವರಿಯ ಬೆಳಗಿನದು ಕಪ್ಪು.

ಉಪಗ್ರಹದ ಎಒಡಿಯನ್ನು ಪಿಎಂ 2.5ಕ್ಕೆ ತಿರುಗಿಸುವ ಲೆಕ್ಕವೆಲ್ಲ ಒಂದಲ್ಲ ಒಂದು ಹಂತದಲ್ಲಿ ಈ ಚುಕ್ಕೆಗಳಿಗೆ ಬಂದು ನಿಲ್ಲುತ್ತದೆ. ಹವಾಮಾನದ ಮಾದರಿಗಳು ಹೊಗೆ ಎಷ್ಟು ಎತ್ತರಕ್ಕೆ ಹರಡಿದೆ, ತೇವ ಎಷ್ಟಿದೆ ಎಂದು ಅಂದಾಜು ಕೊಡುತ್ತವೆ. ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆ ಐಐಟಿಎಂನಲ್ಲಿರುವ ಉಪಕರಣದಂಥವು ನೆಲದಿಂದಲೇ ಸೂರ್ಯನನ್ನು ನೋಡಿ ಎಒಡಿ ಅಳೆದು ಉಪಗ್ರಹದ ಅಂಕಿಯನ್ನು ತಾಳೆ ನೋಡುತ್ತವೆ. ಕೊನೆಗೆ ನೆಲದ ಯಂತ್ರದ ತೂಕದ ಜೊತೆ ಹೋಲಿಸುತ್ತಾರೆ. ಯಂತ್ರಗಳು ದಟ್ಟವಾಗಿರುವ ಕಡೆ ನಕ್ಷೆ ನಂಬಿಕೆಗೆ ಅರ್ಹ, ಇಲ್ಲದ ಕಡೆ ಅಂದಾಜಿನ ಪಾಲು ಜಾಸ್ತಿ. ಆದ್ದರಿಂದ ‘ಉಪಗ್ರಹ ಇದೆಯಲ್ಲ, ಇನ್ನು ದುಬಾರಿ ಯಂತ್ರ ಯಾಕೆ’ ಎಂಬ ವಾದವನ್ನು ಒಪ್ಪಲಾಗದು. ಯಂತ್ರ ತೆಗೆದರೆ ಉಪಗ್ರಹದ ನಕ್ಷೆಯೂ ಕೆಡುತ್ತದೆ.

ಆದರೆ ಉಪಗ್ರಹಕ್ಕೆ ಮಾತ್ರ ಆಗುವ ಕೆಲಸಗಳಿವೆ, ಅವನ್ನು ನಾವು ಬಳಸಿಕೊಳ್ಳುತ್ತಿಲ್ಲ ಎಂಬುದೇ ನನ್ನ ಬೇಸರ. ಐಐಟಿ ದಿಲ್ಲಿಯ ಸಾಗ್ನಿಕ್ ಡೇ ಮತ್ತು ಸಂಗಡಿಗರು 2000ದಿಂದ ಮುಂದಕ್ಕೆ ಇಡೀ ಭಾರತಕ್ಕೆ 1 ಕಿಲೋಮೀಟರ್ ಚೌಕದ ಪಿಎಂ 2.5 ಲೆಕ್ಕ ಸಿದ್ಧಪಡಿಸಿದ್ದಾರೆ. 2000ದಲ್ಲಿ ಮುಂಬೈಯಲ್ಲಿ ಗಂಟೆಗೊಂದು ಅಂಕಿ ಕೊಡುವ ಇಂದಿನಂಥ ಯಂತ್ರಜಾಲ ಎಲ್ಲಿತ್ತು? ಗಾಳಿಯ ಗುಣಮಟ್ಟ ಅಳೆಯುವ ಸಫರ್ ಎಂಬ ಜಾಲ ಪುಣೆಗೆ ಬಂದದ್ದು 2013ರಲ್ಲಿ, ಮುಂಬೈಗೆ 2015ರಲ್ಲಿ. ಅದಕ್ಕಿಂತ ಹಿಂದಿನ ಕಥೆ ಊರಿಂದ ಊರಿಗೆ ಹೋಲಿಸಿ ಹೇಳಬಲ್ಲದ್ದು ಉಪಗ್ರಹ. ಒಂದು ದಿನದ ಅಂಕಿ ತಪ್ಪಬಹುದು, ಹತ್ತು ಚಳಿಗಾಲಗಳ ಸರಾಸರಿ ಅಷ್ಟು ಸುಲಭಕ್ಕೆ ತಪ್ಪುವುದಿಲ್ಲ.

ಊರ ಗಡಿ ದಾಟಿ ನೋಡುವುದೂ ಅದಕ್ಕೇ ಸಾಧ್ಯ. 2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿ ಮುಂಬೈ, ನವಿ ಮುಂಬೈ, ಥಾಣೆ, ಉಲ್ಲಾಸನಗರ, ಬದ್ಲಾಪುರ, ವಸಾಯಿ-ವಿರಾರ್ ಬೇರೆ ಬೇರೆ ಹೆಸರುಗಳು. ಒಂದೊಂದಕ್ಕೂ ಬೇರೆ ಯೋಜನೆ. ಮೇಲಿಂದ ನೋಡಿದರೆ ಅದೆಲ್ಲ ಒಂದೇ ಮಬ್ಬು, ಹಗಲು ಅತ್ತ, ರಾತ್ರಿ ಇತ್ತ ತೂಗಾಡುವ ಮಬ್ಬು. ಮೇಲಾಗಿ ಕಾರ್ಯಕ್ರಮದ ಪ್ರಗತಿ ಅಳೆಯುವುದು ಹೆಚ್ಚಾಗಿ ಪಿಎಂ 10ರಿಂದ, ಅಂದರೆ ರಸ್ತೆ ದೂಳೂ ಸೇರಿದ ದಪ್ಪ ಕಣಗಳಿಂದ. ರಸ್ತೆ ಗುಡಿಸಿ, ನೀರು ಹಾಕಿ ಆ ಅಂಕಿ ಇಳಿಸಬಹುದು. ಶ್ವಾಸಕೋಶದ ಆಳಕ್ಕೆ ಇಳಿಯುವ ಪಿಎಂ 2.5 ಹೆಚ್ಚಾಗಿ ಹುಟ್ಟುವುದು ಉರಿಯುವ ಇಂಧನದಿಂದ, ಗುಡಿಸಿದರೆ ಹೋಗದು. ಅದಕ್ಕೆ ನಮ್ಮ ದೇಶದ ವಾರ್ಷಿಕ ಮಿತಿ ಘನ ಮೀಟರಿಗೆ 40 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 5.

2024ರ ಡಿಸೆಂಬರ್ ಕೊನೆಯಲ್ಲಿ ಎಕ್ಯುಐ 200 ದಾಟಿತೆಂದು ಪಾಲಿಕೆ ಬೈಕಲಾ ಮತ್ತು ಬೊರಿವಲಿ ಪೂರ್ವದಲ್ಲಿ ಕಟ್ಟಡ ಕೆಲಸ ನಿಲ್ಲಿಸಿತು. ಕಟ್ಟುನಿಟ್ಟಿನ ಹೆಜ್ಜೆ, ಮೆಚ್ಚಬೇಕು. ಆದರೆ ನೆಲದಲ್ಲಿ ಯಂತ್ರವಿದ್ದರೆ ತಾನೇ 200 ದಾಟಿದ್ದು ಗೊತ್ತಾಗುವುದು? ಹತ್ತಿರದಲ್ಲಿ ಯಂತ್ರವೇ ಇಲ್ಲದ ಬಡಾವಣೆ ಎಷ್ಟು ಕೆಟ್ಟರೂ ಎಚ್ಚರಿಕೆಯ ಗಂಟೆ ಬಾರಿಸುವುದಿಲ್ಲ. ನಗರದ ಒಳಗೇ ಹೀಗೆ. ಕಲ್ಯಾಣ್‌ನಿಂದ ಅಂಬರ್‌ನಾಥ್‌ವರೆಗಿನ ಕಾರ್ಖಾನೆ ಪಟ್ಟಿಯಲ್ಲಿ, ಭಿವಂಡಿಯ ಮಗ್ಗ ಮತ್ತು ಗೋದಾಮುಗಳ ನಡುವೆ ಯಂತ್ರಗಳು ಅಲ್ಲೊಂದು ಇಲ್ಲೊಂದು.

ಹೊಸ ಯಂತ್ರ ಎಲ್ಲಿಡಬೇಕೆಂದು ತೀರ್ಮಾನಿಸುವಾಗ ಉಪಗ್ರಹದ ಹತ್ತಿಪ್ಪತ್ತು ವರ್ಷದ ಸರಾಸರಿ ನಕ್ಷೆಯನ್ನು ಮೇಜಿನ ಮೇಲೆ ಹರಡಿಕೊಂಡು ಕೂರಬೇಕು. ನಕ್ಷೆ ಕೆಂಪಾಗಿದ್ದು ಯಂತ್ರ ಇಲ್ಲದ ಚೌಕಕ್ಕೆ ಮೊದಲ ಸರದಿ. ಅದಕ್ಕೆ ಅಧಿಕಾರಿಗಳೇ ಮುಂದಾಗಲಿ ಎಂದು ಕಾಯಬೇಕಾಗಿಲ್ಲ. ನಾಸಾದ ವರ್ಲ್ಡ್‌ವ್ಯೂ ಜಾಲತಾಣದಲ್ಲಿ ಯಾವ ದಿನದ ಚಿತ್ರ, ಯಾವ ದಿನದ ಎಒಡಿ ಬೇಕಾದರೂ ಪುಕ್ಕಟೆ ನೋಡಬಹುದು. ಡೊಂಬಿವಲಿಯ, ಥಾಣೆಯ ಕನ್ನಡ ಸಂಘಗಳು ಪಾಲಿಕೆಗೆ ಮನವಿ ಕೊಡುವಾಗ ‘ನಮ್ಮಲ್ಲಿ ಗಾಳಿ ಕೆಟ್ಟಿದೆ’ ಎಂದು ಬರೆದರೆ ಕಡತ ಮುಚ್ಚಿ ಇಡುತ್ತಾರೆ. ನಮ್ಮ ಬಡಾವಣೆಯ ಮೇಲೆ ಇಷ್ಟು ಚಳಿಗಾಲಗಳಿಂದ ಉಪಗ್ರಹ ಇದನ್ನು ತೋರಿಸುತ್ತಿದೆ, ಹತ್ತಿರದ ಯಂತ್ರ ಇಷ್ಟು ಕಿಲೋಮೀಟರ್ ದೂರ, ಆದ್ದರಿಂದ ಇಲ್ಲಿಯ ಈ ಶಾಲೆಯ ತಾರಸಿಯಲ್ಲಿ ಒಂದು ಕೊಡಿ ಎಂದು ನಕ್ಷೆ ಲಗತ್ತಿಸಿ ಬರೆದರೆ ಅವರು ಉತ್ತರ ಬರೆಯಲೇಬೇಕಾಗುತ್ತದೆ.